ಶೇಡಬಾಳದ ಕೊಪ್ಪರಿಗೆ, ಕೊನ್ಯಾದ ತಗಡು

ಮುಂಬಯಿ: ತಪಾಸಣೆಯ ಸಾಲು

ನನ್ನ ಕೈಚೀಲದಲ್ಲಿ ಬಾಂಬು ಇದೆಯೆಂದು ಆ ಪೊಲೀಸ್ ಹುಡುಗಿಗೆ ಅನ್ನಿಸಿರಲಿಕ್ಕಿಲ್ಲ. ಏನೋ ಇದೆ ಎಂದಂತೂ ಅನ್ನಿಸಿತ್ತು. ಮೊದಲು ಒಂದು ಹಳೆಯ ಟವೆಲ್ ತೆಗೆದಳು. ಟವೆಲ್ಲಿನೊಳಗಿಂದ ರೊಟ್ಟಿಯಷ್ಟು ಅಗಲದ ಸ್ಟೀಲ್ ತಗಡಿನ ಚೂರು ತೆಗೆದಳು. ಕೊನೆಗೆ ಚೀಲದ ತಳದಲ್ಲಿ ಕೈಯಾಡಿಸಿ ಕರಿಯ ದುಂಡನೆಯ ಚುಂಬಕವನ್ನು ಎಳೆದಳು. ಆ ಚುಂಬಕ ಒಂಟಿಯಾಗಿ ಬರಲಿಲ್ಲ. ನನ್ನ ಕೀಲಿಕೈ ಗೊಂಚಲು, ಪಿನ್ನು, ಉಗುರುಕತ್ತರಿ ಎಲ್ಲವನ್ನೂ ಕಟ್ಟಿಕೊಂಡು ಬಂತು, ಬೀಗರ ಮನೆಗೆ ಹೊರಟ ಕುಟುಂಬದ ಹಾಗೆ.

ಇದೇನು ಎಂದು ಕೇಳಿದಳು. ಬೆಲ್ಲದ ಕೊಪ್ಪರಿಗೆಯ ತಳ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವಳ ಅನುಮಾನ ಹೆಚ್ಚಾಯಿತು.

ನನ್ನ ಬೆನ್ನಿಗೆ ನಿಂತಿದ್ದ ಪದ್ಮಕ್ಕ ನಿಟ್ಟುಸಿರು ಬಿಟ್ಟರು. "ಮುಮತಾಜಾ, ದೊಡ್ಡ ಚೀಲದಾಗ ಹಾಕು ಅಂತ ಹೇಳಿದ್ದಿಲ್ಲೇನ ಬೇ ನಾ? ಈಗ ಇಸ್ತಾಂಬುಲ್ ನೋಡೂಕಿಂತ ಮೊದಲ ಇಲ್ಲಿ ಠಾಣೆ ನೋಡೂಣಂತ, ನಡಿ."

ಬೈದರೂ ಬಿಡಿಸಿದವರು ಅವರೇ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಪಾಠ ಮಾಡಿದಂತೆಯೇ ಆ ಹುಡುಗಿಗೆ ಕಬ್ಬಿನಿಂದ ಹಿಡಿದು ಕೊಪ್ಪರಿಗೆಯವರೆಗೆ ಎಲ್ಲ ವಿವರಿಸಿದರು. ತಗಡಿನ ಅಂಚು ಹರಿತವಾಗಿದೆ, ಕೈಯಲ್ಲಿ ಒಯ್ಯುವಂತಿಲ್ಲ ಎಂದಾಯಿತು. ವಿಮಾನದವರು ಚೂರು, ಚುಂಬಕ ಎರಡನ್ನೂ ಒಂದು ಡಬ್ಬಿಗೆ ಹಾಕಿ ಚೀಟಿ ಅಂಟಿಸಿ ವಿಮಾನದ ಹೊಟ್ಟೆಯೊಳಗೆ ಸೇರಿಸಿದರು. ನಮ್ಮ ಪ್ರವಾಸದ ನಿಜವಾದ ಪ್ರಯಾಣಿಕ ಆ ಚೂರೇ ಆಗಿತ್ತು. ಅದಕ್ಕಾಗಿಯೇ ನಾವಿಬ್ಬರೂ ಹೊರಟಿದ್ದೆವು.

ನಮ್ಮದು ನಿಪ್ಪಾಣಿ ಹತ್ತಿರದ ಬೇಡಕಿಹಾಳ. ನಮ್ಮ ಮನೆಯವರು ಕೊಪ್ಪರಿಗೆ, ನೀರಿನ ಟಾಕಿ, ಕಬ್ಬಿನ ಗಾಣದ ಬಿಡಿಭಾಗ ಮಾಡುವವರು. ಬಡಿಯುವುದು, ಬೆಸೆಯುವುದು ಅವರ ಕೆಲಸ. ತಗಡು ಆರಿಸಿ ತರುವುದು ನನ್ನದು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಹೇಳಿದ್ದರು: "ಸುತ್ತಿಗಿ ಏಟ ತಪ್ಪಿದರ ತಿದ್ದಬಹುದು. ತಗಡ ತಪ್ಪಿದರ ಯಾರೂ ತಿದ್ದಾಕ ಬರೂದಿಲ್ಲ." ಹಾಗಾಗಿ ಪೇಟೆಗೆ ಹೋಗುವಾಗಲೆಲ್ಲ ನನ್ನ ಚೀಲದಲ್ಲಿ ಚುಂಬಕ ಇರುತ್ತದೆ.

ಯಾಕೆಂದರೆ, ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಜಾತಿಗೊಂದು ನಂಬರು. ತ್ರೀ-ನಾಟ್-ಫೋರ್ ಎಂದರೆ ನಿಕಲ್ ಕೈಬಿಚ್ಚಿ ಹಾಕಿದ್ದು, ಅಡಿಗೆಗೆ ಯೋಗ್ಯ. ಟೂ-ನಾಟ್-ಟೂ ಎಂದರೆ ನಿಕಲ್ ಉಳಿಸಿ ಮ್ಯಾಂಗನೀಸ್ ಬೆರೆಸಿದ್ದು. ಹೊಳಪಿನಲ್ಲಿ ಎರಡೂ ಅವಳಿ ಅಕ್ಕತಂಗಿಯರು, ಬಾಳುವೆಯಲ್ಲಿ ಅಲ್ಲ. ಚುಂಬಕ ಅಂಟಿದರೆ ಖೋಟಾ, ಅಂಟದಿದ್ದರೆ ಸಾಚಾ ಎಂಬುದು ನಮ್ಮ ಕಡೆಯ ಪೇಟೆಯ ಶಾಸ್ತ್ರ.

ಪದ್ಮಕ್ಕ ಕಾಗವಾಡ ತಾಲೂಕಿನ ಶೇಡಬಾಳದವರು. ಅಲ್ಲಿಯ ಹೆಂಗಸರ ಸಂಘ ಕಟ್ಟಿ ಕಾಕವಿ ಮಾಡಿಸುತ್ತಾರೆ. ಕಾಕವಿ ಎಂದರೆ ಗಟ್ಟಿಯಾಗುವ ಮೊದಲೇ ಇಳಿಸಿದ ಬೆಲ್ಲ, ಜೇನಿನ ಹಾಗೆ ಸುರಿಯುವಂಥದ್ದು. ಹೋದ ಸುಗ್ಗಿಗೆ ಅವರಿಗೆ ಹೊಸ ಸ್ಟೀಲ್ ಕೊಪ್ಪರಿಗೆ ಮಾಡಿಕೊಟ್ಟವರು ನಾವು. ಸುಗ್ಗಿ ಅರ್ಧಕ್ಕೆ ಬರುವಷ್ಟರಲ್ಲಿ ತಳದ ತುಂಬ ಸೂಜಿಮೊನೆಯಂಥ ತೂತು ಬಿದ್ದು ಕಾಕವಿಯಲ್ಲಿ ಕರಿ ಕಣ ತೇಲತೊಡಗಿದವು. ಕೊಂಡವರು ಡಬ್ಬಿ ಹಿಂದಕ್ಕೆ ಕಳಿಸಿದರು. ಹೆಂಗಸರು ಒಲೆ ಆರಿಸಿ ಮತ್ತೆ ಕಂಡವರ ಹೊಲದಲ್ಲಿ ಕಬ್ಬು ಕಡಿಯಲು ಹೋದರು. ಈ ಸಲವೂ ಹೀಗೇ ಆಗುವುದಾದರೆ ಒಲೆ ಹಚ್ಚುವುದೇ ಬೇಡ ಎಂದು ಅವರು ಹೇಳಿಬಿಟ್ಟಿದ್ದರು. ಕೊಳ್ಳುವಾಗ ಚುಂಬಕ ಅಂಟಿರಲಿಲ್ಲ, ಆದರೂ ಅಂಗಡಿಯವನು ಹೇಗೋ ನನಗೆ ಖೋಟಾ ತಗಡು ಕೊಟ್ಟಿದ್ದಾನೆ ಎಂದು ನನ್ನ ಅನುಮಾನ. ಅಷ್ಟರಲ್ಲಿ ಟರ್ಕಿಯ ಕೊನ್ಯಾದಲ್ಲಿ ನಡೆಯುವ ಆಹಾರ ಯಂತ್ರಗಳ ಪ್ರದರ್ಶನಕ್ಕೆ ಹೊರಟ ತಂಡವೊಂದರಲ್ಲಿ ಎರಡು ಜಾಗ ಖಾಲಿ ಇವೆಯೆಂದು ಗೊತ್ತಾಯಿತು. ಸುಗ್ಗಿಗೆ ಇನ್ನೂ ಸಮಯವಿತ್ತು. ಕೊಪ್ಪರಿಗೆಯ ತಳ ಕತ್ತರಿಸಿಕೊಂಡು ಹೊರಟೆವು.

ಇಸ್ತಾಂಬುಲ್: ಬೆಕ್ಕು ಮಲಗುವ ಅಂಗಡಿಗಳು

ತಂಡದವರು ಅರಮನೆ, ಮಸೀದಿ ನೋಡಲು ಹೋದರು. ನಾನೂ ಒಂದು ಮಸೀದಿಯಲ್ಲಿ ನಮಾಜು ಮುಗಿಸಿ, ಪದ್ಮಕ್ಕನನ್ನು ಎಳೆದುಕೊಂಡು ಕಬ್ಬಿಣದ ಪೇಟೆ ಎಲ್ಲಿ ಎಂದು ಕೇಳುತ್ತ ನಡೆದೆ. ಕಾರಾಕೊಯ್ ಎಂಬ ಭಾಗದಲ್ಲಿ ಸಮುದ್ರದ ಅಂಚಿಗೇ ಒಂದು ಓಣಿ ಇದೆ. ಸರಪಳಿ, ಸ್ಪ್ರಿಂಗು, ಪಂಪು, ಹಿತ್ತಾಳೆಯ ಕೋಲು ಎಲ್ಲ ಬಾಗಿಲಿಗೆ ನೇತುಬಿದ್ದಿರುತ್ತವೆ. ನಿಪ್ಪಾಣಿಯ ಹಾರ್ಡ್‌ವೇರ್ ಅಂಗಡಿಯನ್ನು ಯಾರೋ ಎಳೆದು ಉದ್ದ ಮಾಡಿದ ಹಾಗೆ. ಒಂದೇ ವ್ಯತ್ಯಾಸ, ಬೆಕ್ಕು. ಹಿತ್ತಾಳೆ ಕೋಲುಗಳ ಮೇಲೆ ಬೆಕ್ಕು, ತಕ್ಕಡಿಯಲ್ಲಿ ಬೆಕ್ಕು. ಒಬ್ಬ ಅಂಗಡಿಯವನು ಗಿರಾಕಿ ಕೇಳಿದ ಕೋಲನ್ನು ಕೊಡಲು ಮನಸ್ಸಿಲ್ಲದೆ ನಿಂತಿದ್ದ, ಅದರ ಮೇಲೆ ಬೆಕ್ಕು ಮರಿಗೆ ಹಾಲೂಡಿಸುತ್ತಿತ್ತು. ಗಿರಾಕಿಯೂ ಕಾಯುತ್ತ ನಿಂತಿದ್ದ. ನಮ್ಮಲ್ಲಿ ಆಗಿದ್ದರೆ ಬೆಕ್ಕಿಗೂ ಗಿರಾಕಿಗೂ ಸೇರಿಯೇ ಬೈಗುಳ ಬೀಳುತ್ತಿತ್ತು.

ಅಲ್ಲಿ ಗನ್‌ಮೆಟಲ್ ಬುಷ್ ಮಾರುವ ಮುದುಕರೊಬ್ಬರ ಅಂಗಡಿ ಹೊಕ್ಕೆವು. ಗಾಣದ ಉಕ್ಕಿನ ಅಚ್ಚು ತಿರುಗುವ ಜಾಗದಲ್ಲಿ ಹಾಕುವ ಮೆತ್ತನೆಯ ಲೋಹದ ಬಳೆ ಅದು. ಪದ್ಮಕ್ಕನಿಗೆ ಅದೊಂದು ಬಹಳ ದಿನದ ಸಂಶಯವಂತೆ. "ಅಲ್ಲ ಬೇ, ಎಲ್ಲಾ ಉಕ್ಕಿಲೇ ಮಾಡಿದರ ಗಟ್ಟಿ ಆಗೂದಿಲ್ಲೇನ? ಮೆತ್ತಂದ ಯಾಕ ಹಾಕತೀರಿ?"

"ಎರಡೂ ಗಟ್ಟಿ ಇದ್ದರ ಒಂದನ್ನೊಂದು ತಿಂತಾವ್ರಿ ಪದ್ಮಕ್ಕಾ. ಒಬ್ಬರು ಸವೀಬೇಕು, ಒಬ್ಬರು ಉಳೀಬೇಕು. ಸವದದ್ದನ್ನ ಬದಲಿ ಮಾಡಬಹುದು, ಅಚ್ಚು ಹೋದರ ಗಾಣಾನ ಹೋತು."

"ನಿಮ್ಮ ಮನ್ಯಾಗ ಯಾರು ಬುಷ್?"

"ಮನ್ಯಾಗ ಇದ್ದಾಗ ನಾನ. ಅಂಗಡ್ಯಾಗ ಅವರು."

ನಾವು ನಕ್ಕದ್ದು ನೋಡಿ ಆ ಮುದುಕರಿಗೂ ನಗು ಬಂತು. ನಡು ಸಣ್ಣಗಿರುವ ಗಾಜಿನ ಲೋಟದಲ್ಲಿ ಚಹಾ ತರಿಸಿದರು. ಹಾಲಿಲ್ಲದ ಕೆಂಪು ಚಹಾ, ತಟ್ಟೆಯಲ್ಲಿ ಎರಡು ಸಕ್ಕರೆ ತುಂಡು. ನಾನು ಇನ್ನೊಂದು ಲೋಟ ಬೇಡವೆಂದು ನಾಲಿಗೆಯಿಂದ ಚ್ ಎಂದೆ. ಅವರಿಗೆ ತಕ್ಷಣ ತಿಳಿಯಿತು. ಅವರೂ ಬೇಡ ಎನ್ನಲು ಹುಬ್ಬೇರಿಸಿ ಚ್ ಎನ್ನುತ್ತಾರೆ. ಇಷ್ಟು ದೂರ ಬಂದು ನಮ್ಮೂರಿನ ಒಂದು ಮಾತು ಸಿಕ್ಕಿತಲ್ಲ ಎನ್ನಿಸಿತು.

ಪದ್ಮಕ್ಕನ ಊಟದ್ದೇ ಒಂದು ಕಥೆ. ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ, ನೆಲದೊಳಗೆ ಬೆಳೆದ ಗಡ್ಡೆ ಮುಟ್ಟುವುದಿಲ್ಲ. ತಂಡದವರು ಕತ್ತಲಾದ ಮೇಲೆ ಊಟಕ್ಕೆ ಕೂತರೆ ಇವರು ಹಗಲಲ್ಲೇ ಬ್ರೆಡ್ಡು, ಟೊಮ್ಯಾಟೊ, ಸೌತೆಕಾಯಿ, ಮನೆಯಿಂದ ತಂದ ಶೇಂಗಾ ಚಟ್ನಿ ತಿಂದು ಮುಗಿಸಿರುತ್ತಿದ್ದರು. ಹೋಟೆಲಿನ ಹುಡುಗಿ ಆ ಚಟ್ನಿ ರುಚಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡು, ಮರುದಿನ ಮತ್ತೆ ಕೇಳಿದಳು.

ಕೊನ್ಯಾದ ರೈಲು: ಸಿಹಿಯ ಬೇರು

ರೈಲು ಬಯಲಿಗೆ ಬಿದ್ದ ಮೇಲೆ ಅಥಣಿಯ ಕಡೆಯ ನೆಲವನ್ನೇ ನೋಡಿದ ಹಾಗಾಯಿತು. ಕಣ್ಣು ಮುಟ್ಟುವವರೆಗೆ ಸಪಾಟು. ಹೊಲದ ಬದಿಗೆ ಕಂದು ಬಿಳುಪಿನ ಗಡ್ಡೆಗಳ ಗುಡ್ಡೆ. ಎದುರಿಗೆ ಕೂತವರನ್ನು ಪದ್ಮಕ್ಕ ಇಂಗ್ಲಿಷಿನಲ್ಲಿ ಕೇಳಿದರು. ಸಕ್ಕರೆ ಎಂದರು ಅವರು. ಇಲ್ಲಿ ಕಬ್ಬಿಲ್ಲ, ಈ ಗಡ್ಡೆಯಿಂದಲೇ ಸಕ್ಕರೆ.

ಪದ್ಮಕ್ಕ ಕಿಟಕಿಗೆ ಮುಖ ಹಚ್ಚಿ ಆ ಗುಡ್ಡೆಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಮೆಲ್ಲಗೆ, "ಹಂಗಾದರ ನಾ ನಿನ್ನೆಯಿಂದ ಚಾದಾಗ ಹಾಕ್ಕೊಂಡಿದ್ದು ಗಡ್ಡಿ ಏನ ಬೇ?" ಎಂದರು.

"ಗೊತ್ತಿಲ್ಲದ ತಿಂದದ್ದು ಲೆಕ್ಕಕ್ಕಿಲ್ಲ ಬಿಡ್ರಿ."

"ಈಗ ಗೊತ್ತಾತಲ್ಲ."

ಅಲ್ಲಿಂದ ಮುಂದೆ ಕಬ್ಬಿನ ಸೀಮೆಯ ಆ ಹೆಣ್ಣುಮಗಳು ಇಡೀ ಟರ್ಕಿಯಲ್ಲಿ ಸಕ್ಕರೆಯಿಲ್ಲದ ಕರಿ ಚಹಾ ಕುಡಿದರು. ಮುಖ ಹಿಂಡಿಕೊಂಡು ಕುಡಿಯುತ್ತಿದ್ದರು, ಆದರೆ ಬಿಡಲಿಲ್ಲ.

ಕೊನ್ಯಾ: ತಗಡಿಗೆ ಜ್ವರ ನೋಡಿದವಳು

ಪ್ರದರ್ಶನದಲ್ಲಿ ನಾನು ನನ್ನ ಚೂರನ್ನು ಮಳಿಗೆಯಿಂದ ಮಳಿಗೆಗೆ ಹೊತ್ತು ತಿರುಗಿದೆ. ಎಲ್ಲರೂ ಅದನ್ನು ಒಮ್ಮೆ ನೋಡಿ, ಹೊಸ ಯಂತ್ರದ ಬಣ್ಣದ ಪುಸ್ತಕ ಕೈಗೆ ಕೊಟ್ಟು ಕಳಿಸಿದರು. ಎಲಿಫ್ ಎಂಬ ಒಬ್ಬಳು ಮಾತ್ರ ಅದನ್ನು ಮಗುಚಿ ನೋಡಿದಳು. ಲೋಹಶಾಸ್ತ್ರ ಓದಿ ತಂದೆಯ ತಗಡಿನ ವ್ಯಾಪಾರ ನಡೆಸುವವಳು. ನಾಳೆ ಅಂಗಡಿಗೇ ಬನ್ನಿ ಎಂದು ಪದ್ಮಕ್ಕನಿಗೆ ಇಂಗ್ಲಿಷಿನಲ್ಲಿ ಹೇಳಿದಳು.

ಅಂಗಡಿಗೆ ಕಾಲಿಟ್ಟ ಕೂಡಲೇ ಅವಳ ತಂದೆ ಒಂದು ಬಾಟಲಿ ತಂದು ನಮ್ಮ ಬೊಗಸೆಗೆ ನಿಂಬೆಯ ಪರಿಮಳದ ನೀರು ಸುರಿದರು. ನಾನು ಏನು ಮಾಡಬೇಕೆಂದು ಅವರ ಕೈಯನ್ನೇ ನೋಡುತ್ತಿದ್ದೆ. ಪದ್ಮಕ್ಕ ಕಾಯಲಿಲ್ಲ. ಬಸದಿಯಲ್ಲಿ ಗಂಧೋದಕ, ಅಂದರೆ ಜಿನನ ಅಭಿಷೇಕದ ನೀರು, ತೆಗೆದುಕೊಂಡು ರೂಢಿಯಾದ ಕೈ. ಭಕ್ತಿಯಿಂದ ಹಣೆಗೆ, ಎರಡೂ ಕಣ್ಣಿಗೆ ಹಚ್ಚಿಕೊಂಡರು. ಅದು ಸ್ಪಿರಿಟ್ ಬೆರೆತ ಅತ್ತರು. ಮನೆಗೆ ಬಂದವರ ಕೈ ತಂಪು ಮಾಡುವುದು ಅಲ್ಲಿಯ ಉಪಚಾರ. ಅರ್ಧ ತಾಸು ಪದ್ಮಕ್ಕ ಕಣ್ಣಿಗೆ ನೀರು ಹೊಡೆದುಕೊಂಡರು, ಎಲಿಫಳ ತಂದೆ ಕೈ ಹಿಸುಕಿಕೊಳ್ಳುತ್ತ ಸುತ್ತ ತಿರುಗಿದರು.

ಕಣ್ಣು ಬಿಟ್ಟ ಮೇಲೆ ಕೆಲಸಕ್ಕೆ ಕೂತೆವು. ನಾನು ಜಂಬದಿಂದ ಚುಂಬಕ ತೆಗೆದೆ. ಎಲಿಫ್ ಅದನ್ನು ನೋಡಿ, ಮೂರು ಚೂರು ತಂದು ಮೇಜಿನ ಮೇಲಿಟ್ಟು, ಆರಿಸಿ ಎಂದಳು. ಮೊದಲನೆಯದು ಯಾವುದೋ ಟಾಕಿಯ ಮಡಿಸಿದ ಅಂಚು, ಮಡಿಕೆಯಲ್ಲಿ ಚುಂಬಕ ಸ್ವಲ್ಪ ಹಿಡಿಯಿತು. ಎರಡನೆಯದು ಕನ್ನಡಿಯಂಥದ್ದು, ಹಿಡಿಯಲೇ ಇಲ್ಲ. ಮೂರನೆಯದು ಮಂಕು, ಗಟ್ಟಿಯಾಗಿ ಹಿಡಿಯಿತು. ನಾನು ಎರಡನೆಯದನ್ನು ಎತ್ತಿಕೊಂಡೆ.

ಅವಳು ಪಿಸ್ತೂಲಿನಂಥ ಒಂದು ಯಂತ್ರ ತೆಗೆದು ಒಂದೊಂದರ ಮೇಲೂ ಇಟ್ಟು ಒತ್ತಿದಳು. "ಕೊರೊನಾ ಕಾಲಕ್ಕ ಹಣಿಗೆ ಹಿಡದು ಜ್ವರ ನೋಡತಿದ್ದರಲ್ಲ, ಹಂಗ ಮಾಡಾಕತ್ತಾಳ ನೋಡು" ಎಂದರು ಪದ್ಮಕ್ಕ. ಅದರ ಸಣ್ಣ ಪರದೆಯಲ್ಲಿ ಲೋಹದ ಒಳಗೆ ಏನೇನಿದೆ ಎಂದು ಮೂಡುತ್ತದೆ. ನಾನು ಆರಿಸಿದ ಕನ್ನಡಿ ಟೂ-ನಾಟ್-ಟೂ. ನಾನು ಬಿಟ್ಟ ಮಡಿಕೆಯ ಅಂಚೇ ತ್ರೀ-ನಾಟ್-ಫೋರ್. ತಣ್ಣಗೆ ಮಡಿಸಿದ ಜಾಗದಲ್ಲಿ ಒಳ್ಳೆಯ ತಗಡೂ ಚುಂಬಕಕ್ಕೆ ಸ್ವಲ್ಪ ಒಲಿಯುತ್ತದಂತೆ. ಮೂರನೆಯದರಲ್ಲಿ ನಿಕಲ್ಲೇ ಇಲ್ಲ, ಆದರೂ ಅದು ಖೋಟಾ ಅಲ್ಲ. ಅಡಿಗೆಮನೆಯ ಕಪಾಟಿನ ಬಾಗಿಲಿಗೆ, ಒಲೆಯ ಹೊರಮೈಗೆ ಬೇಕಾದಷ್ಟಾಯಿತು. ಅದರ ಕೆಲಸಕ್ಕೆ ಅದು ಸಾಚಾ.

ಇಷ್ಟು ವರ್ಷ ಪೇಟೆಯಲ್ಲಿ ನಾನು ಎಷ್ಟು ಒಳ್ಳೆಯ ತಗಡನ್ನು ಬೇಡವೆಂದು ಬಂದಿದ್ದೇನೋ. ಎಲಿಫ್ ನಗಲಿಲ್ಲ. ಅವಳ ದೇಶದಲ್ಲೂ ಎಲ್ಲರೂ ಚುಂಬಕ ಹಿಡಿದೇ ಬರುತ್ತಾರಂತೆ.

ಆಮೇಲೆ ನನ್ನ ಚೂರಿನ ಮೇಲೆ ಯಂತ್ರ ಇಟ್ಟಳು.

"ಸಾಚಾ ಐತಂತ ಬೇ," ಪದ್ಮಕ್ಕ ಪರದೆ ಓದಿದರು. "ಕ್ರೋಮಿಯಂ, ನಿಕಲ್ ಎಲ್ಲಾ ಇರಬೇಕಾದಷ್ಟ ಐತಿ. ನಿನ್ನ ಅಂಗಡಿಯಾಂವ ಮೋಸ ಮಾಡಿಲ್ಲ."

ನಿಜ ಹೇಳುತ್ತೇನೆ, ನನಗೆ ಸಂತೋಷವಾಗಲಿಲ್ಲ. ಖೋಟಾ ಆಗಿದ್ದರೆ ಬೈಯುವುದಕ್ಕೆ ಒಬ್ಬ ಸಿಗುತ್ತಿದ್ದ, ಸಾಚಾ ತಂದು ಹಾಕಿದರೆ ಸಮಸ್ಯೆ ಮುಗಿಯುತ್ತಿತ್ತು. ಸಾಚಾ ತಗಡೇ ಒಂದೇ ಸುಗ್ಗಿಯಲ್ಲಿ ತೂತು ಬಿದ್ದರೆ ಶೇಡಬಾಳದ ಹೆಂಗಸರಿಗೆ ನಾನು ಏನು ಹೇಳಲಿ?

ಆಗ ಎಲಿಫ್ ಕೇಳತೊಡಗಿದಳು. ಇದರೊಳಗೆ ಏನು ಕುದಿಯುತ್ತದೆ? ಎಷ್ಟು ಹೊತ್ತು? ತೊಳೆಯುವುದು ಯಾವ ನೀರಿನಿಂದ? ತಗಡಿನ ವ್ಯಾಪಾರದಲ್ಲಿ ನೀರಿನ ಮಾತು ಕೇಳಿದ್ದು ನಾನು ಅದೇ ಮೊದಲು. ದಪ್ಪ ಕೇಳುತ್ತಾರೆ, ಅಳತೆ ಕೇಳುತ್ತಾರೆ, ದರಕ್ಕೆ ಜಗಳ ಮಾಡುತ್ತಾರೆ. ನೀರು ಎಂಥದ್ದು ಎಂದು ಯಾರೂ ಕೇಳಿದ್ದಿಲ್ಲ.

ಪದ್ಮಕ್ಕ ಹೇಳಿದರು. ಶೇಡಬಾಳದ ಆ ಭಾಗದ ನೆಲ ಸವಳು. ನೀರುಂಡು ನೀರುಂಡು ಉಪ್ಪು ಮೇಲಕ್ಕೆ ಬಂದು ಹೊಲ ಬೆಳ್ಳಗೆ ಬೂದಿ ಚೆಲ್ಲಿದ ಹಾಗೆ ಕಾಣುತ್ತದೆ. ಬೋರಿನ ನೀರಲ್ಲಿ ಸಬಕಾರ ನೊರೆ ಬಿಡುವುದಿಲ್ಲ, ಬೇಳೆ ಬೇಯುವುದಿಲ್ಲ. ಕೊಪ್ಪರಿಗೆ ತೊಳೆಯುವುದು ಅದೇ ನೀರಿನಿಂದ.

ಎಲಿಫ್ ಆ ಸೂಜಿತೂತುಗಳ ಮೇಲೆ ಬೆರಳಿಟ್ಟಳು. ಸ್ಟೀಲಿನ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪೊರೆ ಇರುತ್ತದಂತೆ, ಹಾಲಿನ ಮೇಲಿನ ಕೆನೆಯ ಹಾಗೆ. ಗೀಚಿದರೆ ಹರಿಯುತ್ತದೆ, ಗಾಳಿ ತಾಕಿದರೆ ತಾನೇ ಮತ್ತೆ ಕಟ್ಟುತ್ತದೆ. ತುಕ್ಕು ಹಿಡಿಯದಿರುವ ಗುಟ್ಟು ಅದೇ. ಉಪ್ಪು ಆ ಪೊರೆಯನ್ನು ಕಟ್ಟಗೊಡುವುದಿಲ್ಲ. ಇನ್ನೊಂದು ತಗಡು ಇದೆ, ತ್ರೀ-ಒನ್-ಸಿಕ್ಸ್. ಅದರಲ್ಲಿ ಮಾಲಿಬ್ಡಿನಮ್ ಎಂಬ ಮತ್ತೊಂದು ಲೋಹ ಸೇರಿಸಿ ಉಪ್ಪಿಗೆ ಗಟ್ಟಿ ಮಾಡಿರುತ್ತಾರೆ, ಹಡಗಿನ ಸಾಮಾನಿಗೆ ಬಳಸುವಂಥದ್ದು. ನಾನು ದರ ಕೇಳಿದೆ. ಎಲಿಫ್ ಹೇಳಿದಳು. ಪದ್ಮಕ್ಕ ಅದನ್ನು ಅನುವಾದ ಮಾಡಲೇ ಇಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

"ಸಂಘ ಮುಚ್ಚೂದ ಪಾಡ ಅನಸ್ತೈತಿ ಮುಮತಾಜಾ," ಎಂದರು.

ನಮ್ಮ ಮುಖ ನೋಡಿ ಎಲಿಫ್, ಇವತ್ತೇ ಏನೂ ನಿರ್ಧಾರ ಮಾಡಬೇಡಿ, ನಾಳೆ ನನ್ನ ಸೋದರತ್ತೆಯ ಹಳ್ಳಿಗೆ ಬನ್ನಿ, ಅವರೂ ನಿಮ್ಮ ಹಾಗೆ ಸಿಹಿ ಕುದಿಸುವವರೇ, ಎಂದಳು.

ಹಾದಿಮ್: ಬೋರಲು ಬಿದ್ದ ಕೊಪ್ಪರಿಗೆ

ಹಾದಿಮ್ ಕಡೆಯ ದಾರಿ ಬೆಟ್ಟದ ಸೊಂಟ ಸುತ್ತಿಕೊಂಡು ಹೋಗುತ್ತದೆ. ಇಳಿಜಾರಿಗೆ ದ್ರಾಕ್ಷಿ. ದ್ರಾಕ್ಷಿಯ ರಸ ಕುದಿಸಿ ಇಳಿಸಿದ ಪಾಕಕ್ಕೆ ಅವರು ಪೆಕ್ಮೆಜ್ ಎನ್ನುತ್ತಾರೆ. ಎಲಿಫಳ ಸೋದರತ್ತೆ ಹತಿಜೆ ನಮ್ಮ ಕೈಗೆ ಒಂದೊಂದು ತುಂಡು ಬ್ರೆಡ್ಡು ಕೊಟ್ಟು ಅದರ ಮೇಲೆ ಬಿಸಿ ಪೆಕ್ಮೆಜ್ ಸುರಿದರು. ಪದ್ಮಕ್ಕ ಬಾಯಿಗಿಟ್ಟು ಕಣ್ಣು ಮುಚ್ಚಿದರು. ಸಕ್ಕರೆ ಬಿಟ್ಟ ಮೇಲೆ ಅವರ ನಾಲಿಗೆಗೆ ತಾಕಿದ ಮೊದಲ ಸಿಹಿ ಅದು.

"ಗಡ್ಡಿ ಅಲ್ಲ ಹೌದಲ್ಲ?" ಎಂದು ನುಂಗುವ ಮೊದಲು ಕೇಳಿದರು.

"ಬಳ್ಳಿದ್ರಿ, ಬಳ್ಳಿದು."

ನಮ್ಮ ಗಾಣದ ಮನೆಯೇ ಅದು. ಅದೇ ಹೊಗೆ, ಅದೇ ನೊರೆ, ಅದೇ ಉದ್ದ ಹಿಡಿಕೆಯ ಜರಡಿ. ನಾವು ರಸ ತಿಳಿಯಾಗಲು ಸುಣ್ಣ, ಬೆಂಡಿಗಿಡದ ಲೋಳೆ ಹಾಕಿದರೆ ಅವರು ಒಂದು ಬಗೆಯ ಬಿಳಿ ಮಣ್ಣು ಹಾಕುತ್ತಾರೆ. ಗೋಡೆಗೆ ಹಳೆಯ ತಾಮ್ರದ ಕೊಪ್ಪರಿಗೆ ಒರಗಿಸಿಟ್ಟಿದ್ದರು. ಒಲೆಯ ಮೇಲಿದ್ದದ್ದು ಮಾತ್ರ ಸ್ಟೀಲು. ನಾನು ಚುಂಬಕ ತೆಗೆಯಲಿಲ್ಲ. ಯಾವ ತಗಡು ಎಂದು ಎಲಿಫಳನ್ನೇ ಕೇಳಿದೆ. ನಿಮ್ಮದೇ ಜಾತಿ, ತ್ರೀ-ನಾಟ್-ಫೋರ್, ನಾನೇ ಕೊಟ್ಟದ್ದು ಎಂದಳು. ಬಗ್ಗಿ ತಳ ನೋಡಿದೆ. ಎಷ್ಟೋ ಸುಗ್ಗಿ ಕಂಡ ಕೊಪ್ಪರಿಗೆ, ಒಂದು ಚುಕ್ಕೆ ಇಲ್ಲ.

ಹೊತ್ತು ಇಳಿದಾಗ ಕೊನೆಯ ಪಾಕ ಇಳಿಸಿದರು. ಹತಿಜೆ ಮತ್ತು ಅವರ ಸೊಸೆ ಕೊಪ್ಪರಿಗೆಯನ್ನು ಒಲೆಯಿಂದ ಕೆಳಗಿಟ್ಟು, ಊರ ಬುಗ್ಗೆಯ ನೀರಿನಿಂದ ತೊಳೆದು, ಒಣ ಅರಿವೆಯಿಂದ ಮಗುವಿನ ಮೈ ಒರೆಸಿದ ಹಾಗೆ ಒರೆಸಿದರು. ಆಮೇಲೆ ಇಬ್ಬರೂ ಅದನ್ನು ಎತ್ತಿ ಎರಡು ಮರದ ತೊಲೆಗಳ ಮೇಲೆ ಬೋರಲು ಹಾಕಿದರು.

ಪದ್ಮಕ್ಕ ನನ್ನ ಕೈ ಹಿಡಿದರು. "ಯವ್ವಾ, ಕೊಪ್ಪರಿಗಿ ಬೋರಲ ಹಾಕಿದರಲ್ಲ ಬೇ."

ಓದುವವರಿಗೆ ಇದು ತಿಳಿಯಬೇಕು. ನಮ್ಮ ಕಡೆ ಸುಗ್ಗಿ ಶುರುವಾದ ಮೇಲೆ ಕೊಪ್ಪರಿಗೆಯನ್ನು ರಾತ್ರಿ ಬರಿದು ಬಿಡುವುದಿಲ್ಲ. ಬರಿ ಕೊಪ್ಪರಿಗೆಯ ಮೇಲೆ ಕತ್ತಲೆ ಬಿದ್ದರೆ ಗಾಣದ ಲಕ್ಷ್ಮಿ ಎದ್ದು ಹೋಗುತ್ತಾಳೆ ಎಂದು ನಂಬಿಕೆ. ಕೊನೆಯ ಪಾಕ ಇಳಿದ ಮೇಲೆ ತೊಳೆದು, ಒಲೆಯ ಮೇಲೆಯೇ ಇಟ್ಟು, ಕೊಡಗಟ್ಟಲೆ ನೀರು ತುಂಬುತ್ತಾರೆ. ಮುಂಜಾನೆ ಚೆಲ್ಲಿ ರಸ ಹಾಕುತ್ತಾರೆ. ಅಂಟಿದ ಪಾಕವೂ ನೆನೆದು ಬಿಡುತ್ತದೆ, ಶಾಸ್ತ್ರವೂ ಆಯಿತು. ಅಜ್ಜಿಯರ ಕಾಲದ ದಪ್ಪ ಕಬ್ಬಿಣದ ಕೊಪ್ಪರಿಗೆಗೆ ಅದರಿಂದ ತೂತು ಬಿದ್ದದ್ದನ್ನು ಯಾರೂ ಕಾಣಲಿಲ್ಲ. ತುಕ್ಕು ಮೇಲೆ ಮೇಲೆ ಕಟ್ಟುತ್ತಿತ್ತು, ಉಜ್ಜಿದರೆ ಹೋಗುತ್ತಿತ್ತು.

ನಾನು ಪದ್ಮಕ್ಕನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಬ್ಬರಿಗೂ ಒಂದೇ ಹೊತ್ತಿಗೆ ಹೊಳೆಯಿತು.

"ಸವಳ ನೀರು," ಎಂದೆ ನಾನು. "ಬಿಸಿ ಒಲಿ ಮ್ಯಾಲ. ರಾತ್ರಿ ಪೂರ್ತಿ."

ಪದ್ಮಕ್ಕ ಎಲಿಫಳಿಗೆ ಹೇಳಿದರು. ಅವಳು ಹಣೆಗೆ ಕೈಹಚ್ಚಿಕೊಂಡು ಬಹಳ ಹೊತ್ತು ಮಾತಾಡಿದಳು. ಒಲೆಯ ಕಾವಿಗೆ ನೀರು ಇಂಗುತ್ತ ಹೋದ ಹಾಗೆ ಉಳಿದ ನೀರಿನಲ್ಲಿ ಉಪ್ಪು ಹೆಚ್ಚುತ್ತದೆ. ಅಂಟಿದ ಪಾಕದ ಕೆಳಗೆ ಗಾಳಿ ತಾಕುವುದಿಲ್ಲ, ಪೊರೆ ಕಟ್ಟುವುದಿಲ್ಲ, ಉಪ್ಪು ಅಲ್ಲೇ ಕೂತು ಕೊರೆಯುತ್ತದೆ. ಹೀಗೇ ಮಾಡುತ್ತ ಹೋದರೆ ದುಬಾರಿಯ ತ್ರೀ-ಒನ್-ಸಿಕ್ಸ್ ಕೂಡ ಸಾಯುತ್ತದೆ, ಸ್ವಲ್ಪ ತಡವಾಗಿ. ಕೊನೆಯ ತೊಳೆತಕ್ಕೆ ಸಿಹಿನೀರು ಬಳಸಿ, ಒರೆಸಿ, ಒಣಗಿಸಿ ಇಟ್ಟರೆ ಇರುವ ತಗಡೇ ಸಾಕು. ಬೆಸುಗೆ ಹಾಕಿದ ಜಾಗದ ಕಪ್ಪನ್ನು ಆಸಿಡ್ ಮುಲಾಮಿನಿಂದ ತೆಗೆಯಿರಿ, ಕಬ್ಬಿಣ ಉಜ್ಜಿದ ಕಲ್ಲಿನಿಂದ ಸ್ಟೀಲು ಉಜ್ಜಬೇಡಿ, ಎಂದು ನನಗೂ ಪಾಠ ಹೇಳಿದಳು. ಲೋಹ ಆರಿಸುವುದೆಂದರೆ ಹೆಣ್ಣು ಕೊಟ್ಟು ಹೆಣ್ಣು ತರುವ ಹಾಗೆ ಎಂದು ನನಗೆ ಅನ್ನಿಸಿತು. ಹುಡುಗಿಯ ಬಣ್ಣ ನೋಡಿದರೆ ಸಾಲದು. ಹೋಗುವ ಮನೆಯಲ್ಲಿ ನೀರು ಎಲ್ಲಿಂದ ತರಬೇಕು ಎಂದು ನಮ್ಮ ಓಣಿಯ ಹಿರಿಯರು ಮೊದಲು ಕೇಳುತ್ತಿದ್ದರಲ್ಲ.

ಪದ್ಮಕ್ಕನಿಗೆ ಮಾತ್ರ ಹೊಸ ಚಿಂತೆ ಹತ್ತಿತ್ತು.

"ಎಲ್ಲಾ ಖರೆ. ಆದರ ಸುಶೀಲಾಬಾಯಿಗೆ ಯಾರು ಹೇಳಬೇಕು?"

ಸುಶೀಲಾಬಾಯಿ ಅವರ ಸಂಘದಲ್ಲಿ ಪಾಕ ನೋಡುವವರು. ಪಾಕ ಬಂತು, ಇಳಿಸಿ ಎಂದು ಅವರು ಹೇಳುವವರೆಗೆ ಯಾರೂ ಕೊಪ್ಪರಿಗೆ ಮುಟ್ಟುವಂತಿಲ್ಲ. ರಾತ್ರಿ ನೀರು ತುಂಬಿಸುವವರೂ ಅವರೇ. ಅವರು ಒಪ್ಪದಿದ್ದರೆ ಒಲೆಯೇ ಹತ್ತುವುದಿಲ್ಲ.

ನಾವು ಹೊರಟಾಗ ಹತಿಜೆ ಒಂದು ಚೊಂಬು ನೀರು ತಂದು ನಮ್ಮ ಗಾಡಿಯ ಹಿಂದೆ ಚೆಲ್ಲಿದರು. ನೀರಿನ ಹಾಗೆ ಸರಾಗ ಹೋಗಿ, ಸರಾಗ ಬನ್ನಿ ಎಂದು ಅದರ ಅರ್ಥವಂತೆ. ನಮ್ಮಲ್ಲಿ ಹೊರಟವರ ಹಿಂದೆ ನೀರು ಚೆಲ್ಲಿದರೆ ಜಗಳವಾಗುತ್ತದೆ. ಪದ್ಮಕ್ಕ ಹಿಂದಕ್ಕೆ ತಿರುಗಿ ಕೈಮುಗಿದರು.

ಶೇಡಬಾಳ: ಒಲೆಯ ಮುಂದೆ

ಈಗ ಸುಗ್ಗಿ ಅರ್ಧ ದಾಟಿದೆ. ಕಾಕವಿ ಸೋಸುವ ಬಿಳಿ ಅರಿವೆಯಲ್ಲಿ ಒಂದು ಕರಿ ಕಣ ಬಂದಿಲ್ಲ. ಡಬ್ಬಿ ಹಿಂದೆ ಕಳಿಸಿದವರೇ ಮತ್ತೆ ಕೇಳಿಕೊಂಡು ಬಂದಿದ್ದಾರೆ. ನಮ್ಮ ಅಂಗಡಿಯಲ್ಲಿ ಸ್ಟೀಲಿಗೆ ಬೇರೆ ಸುತ್ತಿಗೆ, ಬೇರೆ ಉಜ್ಜುಗಲ್ಲು. ತಪ್ಪಿ ಮುಟ್ಟಿದವರಿಗೆ ನಮ್ಮ ಮನೆಯವರು ಬೈಯುತ್ತಾರೆ. ಇಷ್ಟೆಲ್ಲ ಸುಲಭವಾಗಿ ಆಗಲಿಲ್ಲ. ಮೊದಲ ಸಂಜೆ ಏನಾಯಿತೆಂದು ಹೇಳಬೇಕು.

ಹೊಸ ತಳ ಬೆಸೆದ ಕೊಪ್ಪರಿಗೆಯನ್ನು ತೊಳೆದು ಪೂಜೆ ಮಾಡಿ ಇಟ್ಟಿದ್ದರು. ಪೂಜೆಯಾಯಿತೆಂದರೆ ಸುಗ್ಗಿ ಶುರುವಾದ ಹಾಗೆಯೇ, ಮರುದಿನ ಮುಂಜಾನೆ ಒಲೆ ಹಚ್ಚಬೇಕು. ಹೆಂಗಸರೆಲ್ಲ ಕೂಡಿದ್ದರು. ಪದ್ಮಕ್ಕ ಉಪ್ಪಿನ ಮಾತು, ಪೊರೆಯ ಮಾತು ಎಲ್ಲ ಹೇಳಿದರು. ನಾನು ತೂತು ಬಿದ್ದ ಹಳೆಯ ತಳದ ಚೂರನ್ನು ಇಳಿಬಿಸಿಲಿಗೆ ಹಿಡಿದು ತೋರಿಸಿದೆ. ಸುಶೀಲಾಬಾಯಿ ಕಂಬಕ್ಕೆ ಒರಗಿ ಕೇಳುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷಗಳಾಗಿವೆ. ಹಣೆ ಬೋಳು, ಮಾತು ಕಡಿಮೆ.

"ಬಾಯಾರ, ನೀವ ಶಾಲಿ ಕಲಿಸಿದವರು," ಎಂದರು ಪದ್ಮಕ್ಕನಿಗೆ. "ನಿಮ್ಮ ಮಾತ ಸುಳ್ಳ ಅನ್ನೂದಿಲ್ಲ. ಆದರ ಬರಿ ಕೊಪ್ಪರಿಗಿ ಇಟ್ಟ ನಾ ಮನಿಗೆ ಹೋಗೂದಿಲ್ಲ. ಹೋದ ವರ್ಷ ನೀರ ತುಂಬಿದರೂ ಒಲಿ ಆರತು. ಬರಿದ ಬಿಟ್ಟರ ಇನ್ನೇನ ಆಗತೈತೋ."

"ಆ ನೀರಿನಿಂದನ ಒಲಿ ಆರಿದ್ದು ಸುಶೀಲಾಬಾಯಿ," ಎಂದೆ ನಾನು.

"ಇರಬಹುದವ್ವಾ. ನನಗ ಮನಸ ಕೇಳೂದಿಲ್ಲ."

ಒಬ್ಬಳು ಎದ್ದು ಸೀರೆ ಕೊಡವಿಕೊಂಡಳು, ಮನೆಗೆ ಹೋಗುವವಳ ಹಾಗೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಸುಶೀಲಾಬಾಯಿ ಕೊಪ್ಪರಿಗೆಯ ಹತ್ತಿರ ಹೋಗಿ ಅಂಚಿನ ಮೇಲೆ ಕೈಯಿಟ್ಟರು. "ನಿಮಗ ಒಣಾ ಇರಬೇಕು. ನನಗ ತುಂಬಿರಬೇಕು. ಅಷ್ಟ ಹೌದಲ್ಲ?"

"ಅಷ್ಟ."

"ಹಂಗಾದರ ಉಡಿ ತುಂಬೂಣ. ಜ್ವಾಳ ತರ್ರಿ."

ಉಡಿ ತುಂಬುವುದೆಂದರೆ ಹೆಣ್ಣಿನ ಮಡಿಲಿಗೆ ಕಾಳು ಹಾಕಿ ಹರಸುವುದು. ಮದುವೆಗೆ, ಬಸಿರಿಗೆ, ತವರಿನಿಂದ ಹೊರಟವಳಿಗೆ. ಕೊಪ್ಪರಿಗೆಗೆ ಉಡಿ ತುಂಬಿದ್ದನ್ನು ಯಾರೂ ಕೇಳಿರಲಿಲ್ಲ. ಆದರೆ ಬೇಡ ಎನ್ನುವುದಕ್ಕೂ ಯಾರಿಗೂ ಕಾರಣ ಸಿಗಲಿಲ್ಲ. ಒಣ ಜೋಳದಿಂದ ತಗಡಿಗೇನೂ ಆಗದು ಎಂದು ನಾನು ಪದ್ಮಕ್ಕನಿಗೆ ಕಣ್ಣಲ್ಲೇ ಹೇಳಿದೆ. ಕಾಲುವೆಯ ಸಿಹಿನೀರು ತರಿಸಿ ತೊಳೆದರು, ಒರೆಸಿದರು. ಯಾರದೋ ಮನೆಯಿಂದ ಜೋಳದ ಬುಟ್ಟಿ ಬಂತು.

ಪದ್ಮಕ್ಕ ಬುಟ್ಟಿಯನ್ನು ಎತ್ತಿ, ರೂಢಿಯಂತೆ, ಹಣೆಗೆ ಕುಂಕುಮ ಇಟ್ಟುಕೊಂಡಿದ್ದ ಒಬ್ಬ ಸೊಸೆಯ ಕೈಗೆ ಕೊಡಲು ಹೋದರು. ಗಂಡನಿಲ್ಲದವರು ಉಡಿ ತುಂಬುವುದಿಲ್ಲ. ಸುಶೀಲಾಬಾಯಿ ತಾವಾಗಿಯೇ ಒಂದು ಹೆಜ್ಜೆ ಹಿಂದೆ ಸರಿದಿದ್ದರು. ಪದ್ಮಕ್ಕ ಅದನ್ನು ನೋಡಿದರು. ಚಾಚಿದ್ದ ಬುಟ್ಟಿಯನ್ನು ಎಳೆದುಕೊಂಡರು.

"ಪಾಕ ನೋಡಾಕಿ ನೀ," ಎಂದರು. "ಉಡಿನೂ ನೀನ ತುಂಬು."

"ನಾ ಹೆಂಗ ಬಾಯಾರ?"

"ಕೊಪ್ಪರಿಗಿ ಏನ ಕೇಳತೈತೇನ? ತುಂಬು."

ಸುಶೀಲಾಬಾಯಿ ಸೆರಗು ತಲೆಯ ಮೇಲೆ ಎಳೆದುಕೊಂಡರು. ಬೊಗಸೆ ತುಂಬ ಜೋಳ ತೆಗೆದು ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡರು. ಆಮೇಲೆ ಬಗ್ಗಿ ತಳಕ್ಕೆ ಸುರಿದರು. ಬರಿ ತಗಡಿನ ಮೇಲೆ ಕಾಳು ಬಿದ್ದ ಸದ್ದು ಇಡೀ ಗಾಣದ ಮನೆಗೆ ಕೇಳಿಸಿತು. ಎದ್ದು ನಿಂತಿದ್ದವಳು ಮತ್ತೆ ಕೂತಳು.

ಮುಂಜಾನೆ ನಾನು ಹೋಗುವಷ್ಟರಲ್ಲಿ ಅವರು ಜೋಳವನ್ನೆಲ್ಲ ತೋಡಿ ಬುಟ್ಟಿಗೆ ಹಾಕಿದ್ದರು. ಅಂದಿನ ರೊಟ್ಟಿಗೆ ಅದೇ ಹಿಟ್ಟು ಎಂದು ಸೊಸೆಯೊಬ್ಬಳು ಗಿರಣಿಗೆ ಹೊರಟಿದ್ದಳು. ಸುಶೀಲಾಬಾಯಿ ಕೊಪ್ಪರಿಗೆಯೊಳಗೆ ಬಗ್ಗಿ ತಳದ ಮೇಲೆ ಅಂಗೈ ಎಳೆದರು, ಈ ತುದಿಯಿಂದ ಆ ತುದಿಗೆ. ಅಂಗೈ ತಿರುಗಿಸಿ ಬೆಳಕಿಗೆ ನೋಡಿದರು. ಒಣಗಿತ್ತು.

"ರಸಾ ಬಿಡ್ರಿ," ಎಂದರು. "ಒಲಿ ಹಚ್ಚರಿ."